ಡಿಗ್ರಿ ಇದ್ದರೆ ಓದು ಬಂದ ಹಾಗೇನಾ?

ಪ್ರಶ್ನೆ: ನಮ್ಮಪ್ಪ ಓದಿದ್ದು ಏಳನೇ ಕ್ಲಾಸು. ಪಹಣಿ ಕೈಗೆ ಕೊಟ್ಟರೆ ತಪ್ಪು ಎಲ್ಲಿದೆ ಅಂತ ಹಿಡಿಯುತ್ತಿದ್ದರು. ನನ್ನ ಮಗ ಬಿ.ಎ. ಮುಗಿಸಿದ್ದಾನೆ. ಬೆಳೆ ವಿಮೆ ಅರ್ಜಿ ಓದಪ್ಪ ಅಂದರೆ ಸೈಬರ್ ಸೆಂಟರ್ ಕಡೆ ಕೈ ತೋರಿಸುತ್ತಾನೆ. ಬೇರೆ ದೇಶಗಳಲ್ಲೂ ಹೀಗೇನಾ? (ಓದುಗರು, ಗೌರಿಬಿದನೂರು)

ಉತ್ತರ: ಎಲ್ಲೇ ನೋಡಿದರೂ ಓದಿ ಅರ್ಥ ಮಾಡಿಕೊಳ್ಳೋದರಲ್ಲಿ ಜಾಸ್ತಿ ಕಲಿತವರ ಸರಾಸರಿ ಅಂಕ ಮೇಲೇ ಇರುತ್ತದೆ. ಆದರೆ ಒಂದು ದೇಶದ ಡಿಗ್ರಿ ಇನ್ನೊಂದು ದೇಶದ ಡಿಗ್ರಿಗೆ ಸಮ ಅಲ್ಲ.

ಇದನ್ನು ಅಳೆಯಲು ಓಇಸಿಡಿ ಅನ್ನೋ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಸಂಸ್ಥೆ, ಪಿಯಾಕ್ ಅನ್ನೋ ವಯಸ್ಕರ ಕೌಶಲ ಸಮೀಕ್ಷೆ ಮಾಡುತ್ತದೆ. 16ರಿಂದ 65 ವರ್ಷದವರಿಗೆ ಪರೀಕ್ಷೆ. ಸರ್ಟಿಫಿಕೇಟ್ ನೋಡಿ ಸುಮ್ನೆ ನಂಬೋದಿಲ್ಲ. ಶಿಶುವಿಹಾರದ ನಿಯಮಗಳ ಹಾಳೆ ಮುಂದಿಟ್ಟು, ಮಗುವನ್ನು ಎಷ್ಟು ಗಂಟೆಯೊಳಗೆ ತಂದು ಬಿಡಬೇಕು ಅಂತ ಕೇಳುತ್ತಾರೆ. ನಮ್ಮ ಅಂಗನವಾಡಿ ಗೋಡೆಯ ಮೇಲೆ ಇರುವಂಥದ್ದೇ. ಅಂಕ 500ರವರೆಗೆ. 2023ರ ಸುತ್ತಿನಲ್ಲಿ ಓದಿನಲ್ಲಿ ಓಇಸಿಡಿ ದೇಶಗಳ ಸರಾಸರಿ 260, ಫಿನ್ಲೆಂಡ್‌ಗೆ 296, ಚಿಲಿಗೆ 218. ಭಾರತ ಆ ಪಟ್ಟಿಯಲ್ಲಿಲ್ಲ.

ಮಜಾ ಇರೋದು ಮೊದಲ ಸುತ್ತಿನಲ್ಲಿ. 2013ರಲ್ಲಿ ಅದರ ಫಲಿತಾಂಶ ಬಂತು. ಜಪಾನ್ ಮತ್ತು ನೆದರ್ಲೆಂಡ್ಸ್‌ನಲ್ಲಿ ನಮ್ಮ ಪಿಯುಸಿ ಮಟ್ಟಕ್ಕೆ ಓದು ನಿಲ್ಲಿಸಿದ 25–34 ವಯಸ್ಸಿನವರು, ಇಟಲಿ, ಸ್ಪೇನ್‌ನ ಅದೇ ವಯಸ್ಸಿನ ಡಿಗ್ರಿಯವರನ್ನು ಹಿಂದೆ ಹಾಕಿದ್ದರು! ಸರ್ಟಿಫಿಕೇಟು ಎಷ್ಟು ವರ್ಷ ಬೆಂಚಿನ ಮೇಲೆ ಕೂತರು ಅಂತ ಹೇಳುತ್ತದೆ, ಅಷ್ಟೇ.

ಇನ್ನೊಂದು ವಿಷಯ ಬಳಕೆ. ಕೆಲಸದಲ್ಲಿ, ಮನೆಯಲ್ಲಿ ದಿನಾ ಓದುವವರ ಅಂಕ ಜಾಸ್ತಿ. ನಿಮ್ಮಪ್ಪನಿಗೆ ಪಹಣಿಯಲ್ಲಿ ಒಂದು ಗುಂಟೆ ತಪ್ಪಿದರೆ ಹೊಲವೇ ಹೋಗುತ್ತಿತ್ತು. ಕಣ್ಣು ಚುರುಕಾಗದೆ ಇರುತ್ತಾ? ಮಗ ಗೈಡ್ ಓದಿ ಪಾಸಾಗಿರಬಹುದು. ಅರ್ಜಿಗೆ ಗೈಡ್ ಬರೋದಿಲ್ಲ.

ಭಾಷೆಯೂ ಇದೆ. ಮನೆಮಾತು ಬೇರೆ, ಪರೀಕ್ಷೆಯ ಭಾಷೆ ಬೇರೆ ಆದ ವಲಸಿಗರ ಅಂಕ ಹೊರದೇಶಗಳಲ್ಲೂ ಇಳಿಯುತ್ತದೆ. ನಿಮ್ಮ ಗಡಿ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮೊಬೈಲ್‌ನಲ್ಲಿ ಇಂಗ್ಲಿಷು, ಅಲ್ವಾ?

ನಮ್ಮ ಸಾಕ್ಷರತೆ ಲೆಕ್ಕಕ್ಕೆ ಇಷ್ಟೆಲ್ಲ ತಲೆನೋವಿಲ್ಲ. 2011ರ ಜನಗಣತಿಯಲ್ಲಿ ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯದು ಶೇ 69.76. ಓದಲು, ಬರೆಯಲು ಬರುತ್ತಾ ಅಂತ ಕೇಳಿದರು, ಮನೆಯವರು ಹೂಂ ಅಂದರೆ ಬರೆದುಕೊಂಡರು. ಯಾರ ಕೈಗೂ ಹಾಳೆ ಕೊಟ್ಟು ಓದಿಸಲಿಲ್ಲ.

ಮಗನನ್ನು ಜಾಸ್ತಿ ಬೈಯಬೇಡಿ. ಅಂಥ ಅರ್ಜಿಯ ಕನ್ನಡವನ್ನು ನಾನೂ ಎರಡು ಸಲ ಓದಿದ್ದೇನೆ. ಮೂರನೇ ಸಲ ಪಕ್ಕದವರನ್ನು ಕೇಳಿದೆ.