ಡೀಸೆಲಿಗೆ ನೀರು, ಬಾವಿಗೆ ಡೀಸೆಲ್

ಏಣೆಲು ಎಂದು ಕರೆಯುವ ಮಳೆಗಾಲದ ಭತ್ತದ ಬೆಳೆಗೆ ಗದ್ದೆ ಹದ ಮಾಡುವ ಜೂನ್, ಜುಲೈ ತಿಂಗಳುಗಳಲ್ಲಿ ಉಡುಪಿ ಜಿಲ್ಲೆಯ ಬ್ರಹ್ಮಾವರದ ಆಸುಪಾಸಿನಲ್ಲಿರುವ ನನ್ನ ವರ್ಕ್‌ಶಾಪಿಗೆ ಬರುವ ಪವರ್ ಟಿಲ್ಲರ್ ಮತ್ತು ಸಣ್ಣ ಟ್ರ್ಯಾಕ್ಟರುಗಳ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಇಂಜಿನ್ ಅಂಗಳದಲ್ಲಿ ಸರಿಯಾಗಿಯೇ ಸ್ಟಾರ್ಟ್ ಆಗುತ್ತದೆ. ಗದ್ದೆಗೆಂದು ಹಾಕುವ ಕಬ್ಬಿಣದ ಕೇಜ್ ವೀಲ್ ಕೆಸರಿಗಿಳಿದು ಭಾರ ಬಿದ್ದೊಡನೆ ತಡವರಿಸಿ, ಬಿಳಿ ಹೊಗೆ ಬಿಟ್ಟು ನಿಂತುಬಿಡುತ್ತದೆ. ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಏರ್ ತೆಗೆದರೆ ಅರ್ಧ ಗಂಟೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಫಿಲ್ಟರ್ ಬಟ್ಟಲನ್ನು ಬಿಚ್ಚಿ ಗಾಜಿನ ಲೋಟಕ್ಕೆ ಸುರಿದರೆ ಕಾರಣ ಕಣ್ಣೆದುರಿಗೇ ಇರುತ್ತದೆ: ಮೇಲೆ ಡೀಸೆಲ್, ಕೆಳಗೆ ನೀರು, ಎರಡರ ನಡುವೆ ಕಂದು ಬಣ್ಣದ ಲೋಳೆಯ ಒಂದು ಪದರ.

ಕೆಲವು ವರ್ಷಗಳ ಹಿಂದೆ ಹೀಗೆಯೇ ಟಿಲ್ಲರ್ ತಂದವರೊಬ್ಬರು ಲೋಟವನ್ನು ನೋಡಿದ ಕೂಡಲೇ, “ಬಂಕಿನವನೇ ನೀರು ಬೆರೆಸಿದ್ದಾನೆ ಮಾರಾಯ್ರೇ, ಬನ್ನಿ, ಹೋಗಿ ಕೇಳುವ” ಎಂದು ಹೊರಟೇಬಿಟ್ಟಿದ್ದರು. ಮೊದಲು ನಿಮ್ಮ ಮನೆಗೆ ಹೋಗಿ ಬ್ಯಾರೆಲ್ ನೋಡೋಣ ಎಂದೆ. ಹಟ್ಟಿಯ ಮಾಡಿನ ನೀರು ಬೀಳುವ ಜಾಗದಲ್ಲಿ 200 ಲೀಟರಿನ ಕಬ್ಬಿಣದ ಬ್ಯಾರೆಲ್ ನೇರವಾಗಿ ನಿಂತಿತ್ತು, ಅದರ ಮೇಲ್ಮೈಯಲ್ಲಿ ಮಳೆನೀರು ತಟ್ಟೆಯಲ್ಲಿ ನಿಂತಂತೆ ನಿಂತಿತ್ತು, ಮುಚ್ಚಳದ ವಾಷರ್ ಎಂದೋ ಹೋಗಿ ಅದರ ಜಾಗದಲ್ಲಿ ಪ್ಲಾಸ್ಟಿಕ್ ತೊಟ್ಟೆಯ ತುಂಡೊಂದನ್ನು ಸುತ್ತಿಟ್ಟಿದ್ದರು. ಬುಡದಿಂದ ನಾವು ತೆಗೆದ ನೀರು ಎರಡು ಲೀಟರಿಗಿಂತ ಹೆಚ್ಚಿತ್ತು. ಬಂಕಿಗೆ ಹೋಗುವ ಪ್ರಮೇಯ ಬರಲಿಲ್ಲ.

ಮುಚ್ಚಿದ ಬ್ಯಾರೆಲ್ಲಿಗೆ ನೀರು ಹೇಗೆ ಹೋಯಿತು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಅರ್ಧ ಖಾಲಿಯಾದ ಬ್ಯಾರೆಲ್ಲಿನಲ್ಲಿ ಸುಮಾರು 100 ಲೀಟರ್ ಗಾಳಿ ಇರುತ್ತದೆ. ಹಗಲಲ್ಲಿ 35 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಆ ಗಾಳಿ ಒಂದು ಜೋರು ಮಳೆಗೆ 24 ಡಿಗ್ರಿಗೆ ಇಳಿದರೆ ಅದರ ಗಾತ್ರ ಮೂರೂವರೆ ಲೀಟರಿನಷ್ಟು ಕುಗ್ಗುತ್ತದೆ, ಆ ಖಾಲಿಯನ್ನು ತುಂಬಲು ಬ್ಯಾರೆಲ್ ಹೊರಗಿನಿಂದ ಉಸಿರೆಳೆದುಕೊಳ್ಳುತ್ತದೆ. ಮುಚ್ಚಳದ ಸುತ್ತ ನೀರು ನಿಂತಿದ್ದರೆ ಅದು ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನು. ಬ್ಯಾರೆಲ್ಲಿನ ಅಂಚಿನೊಳಗೆ ಎರಡು ಸೆಂಟಿಮೀಟರ್ ನೀರು ನಿಂತರೂ ಅದು ನಾಲ್ಕೈದು ಲೀಟರ್ ಆಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಮಳೆಯ ನಡುನಡುವೆ ಬಿಸಿಲು ಬರುವ ದಿನಗಳಲ್ಲಿ, ಬ್ಯಾರೆಲ್ ಎಷ್ಟು ಸಲ ಹೀಗೆ ಉಸಿರಾಡುತ್ತದೆ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಮಳೆ ಬೀಳದ ಮಾಡಿನಡಿಯಲ್ಲಿಟ್ಟರೂ ಒಳಸೇರುವ ಗಾಳಿ ತೇವದ ಗಾಳಿಯೇ. ರಾತ್ರಿ ಅದು ಬ್ಯಾರೆಲ್ಲಿನ ಒಳಗೋಡೆಯಲ್ಲಿ ಬೆವರಿ, ಹನಿಯಾಗಿ ಇಳಿದು, ಡೀಸೆಲಿಗಿಂತ ಭಾರವಾದ್ದರಿಂದ ಬುಡ ಸೇರುತ್ತದೆ.

ಡೀಸೆಲಿನಲ್ಲಿ ಇರಬಹುದಾದ ನೀರಿನ ಮಿತಿಯನ್ನು ಭಾರತೀಯ ಮಾನಕ ಐ.ಎಸ್. 1460 ಕಿಲೋಗ್ರಾಮಿಗೆ 200 ಮಿಲಿಗ್ರಾಂ ಎಂದು ಗೊತ್ತುಮಾಡಿದೆ. ತುಂಬಿದ ಬ್ಯಾರೆಲ್ಲಿಗೆ ಲೆಕ್ಕ ಹಾಕಿದರೆ ಇದು ಸುಮಾರು 33 ಗ್ರಾಂ, ಅಂದರೆ ಎರಡು ದೊಡ್ಡ ಚಮಚದಷ್ಟು. ಇಷ್ಟು ಕಟ್ಟುನಿಟ್ಟು ಏಕೆಂದರೆ ಇಂಜಿನ್ನಿಗೆ ಡೀಸೆಲನ್ನು ಒತ್ತಿ ಕಳುಹಿಸುವ ಪಂಪಿನೊಳಗೆ ಪ್ಲಂಜರ್ ಎಂಬ ಒತ್ತುಕಡ್ಡಿ ಮತ್ತು ಅದರ ಕೊಳವೆಯ ನಡುವಿನ ತೆರವು ಕೆಲವೇ ಮೈಕ್ರಾನ್. ಅಲ್ಲಿ ಬೇರೆ ಆಯಿಲ್ ಇಲ್ಲ, ಹಾದುಹೋಗುವ ಡೀಸೆಲೇ ಆಯಿಲಿನ ಕೆಲಸವನ್ನೂ ಮಾಡಬೇಕು. 2020ರ ಏಪ್ರಿಲಿನಿಂದ ದೇಶದಲ್ಲೆಲ್ಲ ಮಾರಾಟವಾಗುತ್ತಿರುವ ಬಿ.ಎಸ್. 6 (ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಭಾರತ್ ಸ್ಟೇಜ್ ಮಾನಕ) ಡೀಸೆಲಿನಲ್ಲಿ ಗಂಧಕ ಕಿಲೋಗ್ರಾಮಿಗೆ 10 ಮಿಲಿಗ್ರಾಮನ್ನು ಮೀರುವಂತಿಲ್ಲ. ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲಿನ ಸಹಜವಾದ ಜಾರುಗುಣವೂ ತಗ್ಗುತ್ತದೆ, ಅದನ್ನು ಬೇರೆ ರಾಸಾಯನಿಕ ಸೇರಿಸಿ ಸರಿದೂಗಿಸುತ್ತಾರೆ. ಹಳೆಯ ಮೆಕ್ಯಾನಿಕ್‌ಗಳು “ಈಗಿನ ಡೀಸೆಲಿನಲ್ಲಿ ಪಸೆ ಇಲ್ಲ” ಎನ್ನುವುದು ಪೂರ್ತಿ ತಪ್ಪೇನಲ್ಲ. ಆದರೆ ಪ್ಲಂಜರ್ ಸವೆಯುವುದಕ್ಕೆ, ಡೀಸೆಲ್ ಸಿಂಪಡಿಸುವ ನೋಝಲ್ ತುದಿಗೆ ತುಕ್ಕು ಹಿಡಿಯುವುದಕ್ಕೆ ನಾನು ಕಂಡ ಮುಖ್ಯ ಕಾರಣ ಗಂಧಕದ ಕೊರತೆಯಲ್ಲ, ನೀರು.

ಲೋಟದಲ್ಲಿ ಕಂಡ ಕಂದು ಲೋಳೆಯನ್ನು ಬಹಳ ಮಂದಿ ಕಸ ಎಂದು ಭಾವಿಸುತ್ತಾರೆ. ಅದು ಜೀವವಿರುವ ವಸ್ತು. ನೀರಿನಲ್ಲಿದ್ದುಕೊಂಡು ಡೀಸೆಲನ್ನು ಆಹಾರವಾಗಿ ತಿನ್ನುವ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ನೀರೂ ಡೀಸೆಲೂ ಕೂಡುವ ಗೆರೆಯಲ್ಲಿ ಬೆಳೆಯುತ್ತವೆ. ನಮ್ಮ ಸೆಕೆ ಅವಕ್ಕೆ ಹೇಳಿ ಮಾಡಿಸಿದಂತಿದೆ. ಅವು ಹೊರಬಿಡುವ ಆಮ್ಲ ಬ್ಯಾರೆಲ್ಲಿನ ತಳವನ್ನು ತೂತು ಮಾಡುತ್ತದೆ, ಲೋಳೆ ಫಿಲ್ಟರಿನ ಎಲಿಮೆಂಟನ್ನು ಕಟ್ಟಿಹಾಕುತ್ತದೆ. ಇದನ್ನು ಕೊಲ್ಲುವ ಔಷಧಗಳಿವೆ. ಆದರೆ ಬುಡದಲ್ಲಿ ನೀರಿಲ್ಲದಿದ್ದರೆ ಔಷಧದ ಅಗತ್ಯವೇ ಬೀಳುವುದಿಲ್ಲ.

ಹಾಗಾದರೆ ಬ್ಯಾರೆಲ್ ಹೇಗಿಡಬೇಕು? ಮಲಗಿಸಿ ಇಡಬೇಕು. ಮಾಡಿನಡಿಯಲ್ಲಿ, ಕಬ್ಬಿಣದ ಅಥವಾ ಮರದ ಸ್ಟ್ಯಾಂಡಿನ ಮೇಲೆ, ನಲ್ಲಿ ಇರುವ ಬದಿ ಒಂದೆರಡು ಅಂಗುಲ ಎತ್ತರಕ್ಕೂ ಹಿಂಬದಿ ತಗ್ಗಿಗೂ ಇರುವಂತೆ ಮಲಗಿಸಿದರೆ ನೀರು ಮತ್ತು ಕೆಸರು ಹಿಂದೆ ಸೇರಿ, ನಲ್ಲಿಯಲ್ಲಿ ತಿಳಿ ಡೀಸೆಲ್ ಬರುತ್ತದೆ. ಮುಚ್ಚಳ ಡೀಸೆಲಿನ ಮಟ್ಟಕ್ಕಿಂತ ಕೆಳಗಿರುವ ತನಕ ವಾಷರ್ ಒದ್ದೆಯಾಗಿಯೇ ಉಳಿದು ಉಸಿರಾಟವೂ ನಿಲ್ಲುತ್ತದೆ. ನಿಲ್ಲಿಸಿಯೇ ಇಡಬೇಕಾದರೆ ಒಂದು ಬದಿಗೆ ಮರದ ತುಂಡು ಕೊಟ್ಟು, ಮುಚ್ಚಳವಿರುವ ಕಡೆ ಎತ್ತರವಾಗುವಂತೆ ವಾಲಿಸಿ. ಕೈಪಂಪಿನ ಕೊಳವೆಯ ತುದಿ ಬುಡದಿಂದ ಮೂರು ಅಂಗುಲ ಮೇಲಿರಲಿ. ತಂದು ತುಂಬಿಸಿದ ಮೇಲೆ ಒಂದು ದಿನ ಮುಟ್ಟದೆ ಬಿಡುವುದು ಒಳ್ಳೆಯದು. ಕುತ್ತಿಗೆಯ ತನಕ ತುಂಬಿಸುವುದೂ ಸರಿಯಲ್ಲ: 200 ಲೀಟರ್ ಡೀಸೆಲ್ 20 ಡಿಗ್ರಿ ಬಿಸಿಯೇರಿದರೆ ಮೂರು ಲೀಟರಿಗಿಂತಲೂ ಹೆಚ್ಚು ಹಿಗ್ಗುತ್ತದೆ.

ಪಾತ್ರೆಯ ವಿಷಯದಲ್ಲಿ ಒಂದು ತಪ್ಪು ನಮ್ಮಲ್ಲಿ ಬಲವಾಗಿ ಬೇರೂರಿದೆ. ತುಕ್ಕು ಹಿಡಿಯುವುದಿಲ್ಲವೆಂಬ ಕಾರಣಕ್ಕೆ ಜಿ.ಐ. ಎಂದು ಕರೆಯುವ, ಸತುವಿನ ಲೇಪವಿರುವ ಡ್ರಮ್ಮನ್ನು ಡೀಸೆಲಿಗೆ ಬಳಸುತ್ತಾರೆ. ಸತುವು ಡೀಸೆಲಿನಲ್ಲಿರುವ ಆಮ್ಲಾಂಶದೊಂದಿಗೆ ಸೇರಿ ಸಾಬೂನಿನಂತಹ ಅಂಟನ್ನು ಉಂಟುಮಾಡಿ ಫಿಲ್ಟರನ್ನು ಮುಚ್ಚುತ್ತದೆ. ತಾಮ್ರದ ಸಂಪರ್ಕದಲ್ಲಿ ಡೀಸೆಲ್ ಬೇಗ ಕೆಡುತ್ತದೆ. ಸಾದಾ ಉಕ್ಕಿನ ಬ್ಯಾರೆಲ್ ಅಥವಾ ಇಂಧನಕ್ಕೆಂದೇ ಮಾಡಿದ ದಪ್ಪ ಪ್ಲಾಸ್ಟಿಕ್ ಕ್ಯಾನ್ ಸಾಕು. ಗುಜರಿಯಲ್ಲಿ ಸಿಗುವ ನೀಲಿ ಬ್ಯಾರೆಲ್ಲುಗಳಲ್ಲಿ ಮೊದಲು ಏನಿತ್ತು ಎಂದು ಮಾರುವವರಿಗೂ ಗೊತ್ತಿರುವುದಿಲ್ಲ, ಆದ್ದರಿಂದ ಅವು ಬೇಡ.

ಇಷ್ಟೆಲ್ಲ ಹೇಳಿದ ಮೇಲೂ, ಹೆಚ್ಚಿನ ಮನೆಗಳಿಗೆ ಬ್ಯಾರೆಲ್ ಬೇಕೇ ಎಂಬ ಸಂಶಯ ನನ್ನಲ್ಲಿ ಉಳಿದಿದೆ. 12ರಿಂದ 15 ಅಶ್ವಶಕ್ತಿಯ ಟಿಲ್ಲರ್ ಕೆಸರಿನಲ್ಲಿ ಗಂಟೆಗೆ ಒಂದೂವರೆಯಿಂದ ಎರಡು ಲೀಟರ್ ಕುಡಿಯುತ್ತದೆ. ದಿನಕ್ಕೆ ಆರು ಗಂಟೆ ಉತ್ತರೂ ವಾರಕ್ಕೆ ಎಂಬತ್ತೈದು ಲೀಟರ್ ಮೀರುವುದಿಲ್ಲ. ಬಂಕ್ ಅಷ್ಟೇನೂ ದೂರವಿಲ್ಲದ ಈ ಊರುಗಳಲ್ಲಿ ವಾರಕ್ಕೊಮ್ಮೆ ಎರಡು ಕ್ಯಾನ್ ತುಂಬಿಸಿ ತಂದರೆ ಸಾಕಾಗುತ್ತದೆ. ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುವವರ ಮಾತು ಬೇರೆ. ಉಳುಮೆ ಮುಗಿದ ಮೇಲೆ ಉಳಿದದ್ದನ್ನು ಎರಡನೆಯದಾದ ಸುಗ್ಗಿ ಬೆಳೆಯ ತನಕ ಕಾಪಿಡುವ ಬದಲು ಬೇಗನೆ ಬಳಸಿ ಮುಗಿಸಬೇಕು. ಆರು ತಿಂಗಳಿಗಿಂತ ಹಳೆಯದಾದ ಡೀಸೆಲನ್ನು ಬಾಟಲಿಯಲ್ಲಿಟ್ಟು ತಿಳಿಯಾಗಿದೆಯೇ ಎಂದು ನೋಡದೆ ಇಂಜಿನ್ನಿಗೆ ಹಾಕಬಾರದು.

ಕಾನೂನಿನ ಕಡೆಯಿಂದ ರೈತರಿಗೆ ತೊಡಕು ಕಡಿಮೆ. 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಡೀಸೆಲ್ ಸೇರುವ ಬಿ ವರ್ಗದ ಇಂಧನವನ್ನು ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದಂತೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಿರದಂತೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಸಾಗಿಸುವುದಕ್ಕೂ ಅದೇ ಮಿತಿ. ನೆರೆಯವರಿಗೆ ಮಾರುವುದಕ್ಕೆ ಈ ವಿನಾಯಿತಿಯ ಆಸರೆ ಇಲ್ಲ. ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲಿನ ಮಿತಿ ಬಹಳ ಬಿಗಿ: ಒಟ್ಟು 30 ಲೀಟರ್, ಅದೂ 25 ಲೀಟರ್ ಮೀರದ ಲೋಹದ ಪಾತ್ರೆಯಲ್ಲಿ. ಒಂದೇ ಬಣ್ಣದ ಕ್ಯಾನುಗಳಲ್ಲಿ ಎರಡನ್ನೂ ಇಟ್ಟು, ಟಿಲ್ಲರಿಗೆ ಪೆಟ್ರೋಲ್ ಸುರಿದ ಪ್ರಕರಣಗಳನ್ನು ನಾನು ನೋಡಿದ್ದೇನೆ. ಕ್ಯಾನಿನ ಮೇಲೆ ದಪ್ಪಕ್ಷರದಲ್ಲಿ ಬರೆಯಲು ಹೆಚ್ಚು ಖರ್ಚಿಲ್ಲ.

ಸಾಗಾಟದಲ್ಲಿ ಅಪಾಯ ಬೆಂಕಿಗಿಂತ ಮೊದಲು ಭಾರದಿಂದ ಬರುತ್ತದೆ. ತುಂಬಿದ ಬ್ಯಾರೆಲ್ಲಿನ ತೂಕ 180 ಕಿಲೋಗ್ರಾಂ ದಾಟುತ್ತದೆ, ಅದನ್ನು ಪಿಕಪ್ಪಿನಿಂದ ಹಲಗೆಯ ಮೇಲೆ ಉರುಳಿಸುವಾಗ ಕೆಳಗೆ ನಿಂತವರ ಕಾಲು ಉಳಿಯುವುದು ಅದೃಷ್ಟದಿಂದ. ಖಾಲಿ ಬ್ಯಾರೆಲನ್ನು ಮನೆಯಲ್ಲೇ ಬಿಟ್ಟು, ಕ್ಯಾನುಗಳಲ್ಲಿ ತಂದು ತುಂಬಿಸುವುದು ನಾನು ಹೇಳುವ ದಾರಿ. ಬಂಕಿನಲ್ಲಿ ಕ್ಯಾನನ್ನು ಪಿಕಪ್ಪಿನ ಮೇಲಿಟ್ಟೇ ತುಂಬಿಸದೆ ನೆಲಕ್ಕಿಳಿಸಿ ತುಂಬಿಸಬೇಕು. ವಿದ್ಯುತ್ ಕಿಡಿಗೆ ಆಸ್ಪದ ಕಡಿಮೆಯಾಗುತ್ತದೆ. ಸ್ಕೂಟರಿನ ಕೊಕ್ಕೆಗೆ ತೂಗುಹಾಕಿದ ಕ್ಯಾನ್ ತಿರುವಿನಲ್ಲಿ ವಾಲಿ ರಸ್ತೆಗೆ ಚೆಲ್ಲಿದ ಡೀಸೆಲ್ ಮೊದಲ ಮಳೆಗೆ ಹಿಂದಿನ ಬೈಕಿನವರನ್ನು ಜಾರಿಸಿ ಬೀಳಿಸುತ್ತದೆ. ಬಸ್ಸಿನಲ್ಲಂತೂ ಒಯ್ಯಲೇಬಾರದು.

ಗದ್ದೆಯ ಬದಿಯಲ್ಲಿ ಮಳೆ ಸುರಿಯುತ್ತಿರುವಾಗ ಒಬ್ಬರು ಕೊಡೆ ಹಿಡಿದು ಇನ್ನೊಬ್ಬರು ಲಾಳಿಕೆಯಲ್ಲಿ ಸುರಿಯುವ ದೃಶ್ಯ ನಮಗೆಲ್ಲ ಪರಿಚಿತ. ಅದರ ಬದಲು ಸಂಜೆ ಕೆಲಸ ಮುಗಿದು ಇಂಜಿನ್ ತಣಿದ ಮೇಲೆ, ಮಾಡಿನಡಿಯಲ್ಲಿ, ಜಾಲರಿಯಿರುವ ಲಾಳಿಕೆಯಿಂದ ಟ್ಯಾಂಕ್ ತುಂಬಿಸಿಟ್ಟರೆ ರಾತ್ರಿ ಬೆವರುವುದಕ್ಕೆ ಟ್ಯಾಂಕಿನೊಳಗೆ ಗಾಳಿಯೇ ಇರುವುದಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರ್ ಬಟ್ಟಲಿನ ಬುಡದ ತಿರುಪನ್ನು ಸಡಿಲಿಸಿ ನಾಲ್ಕು ಹನಿ ಹೊರಬಿಟ್ಟು ನೋಡುವುದನ್ನೂ ರೂಢಿ ಮಾಡಿಕೊಳ್ಳಬೇಕು. ಪೈಪನ್ನು ಬಾಯಿಯಿಂದ ಎಳೆದು ಡೀಸೆಲ್ ಇಳಿಸುವ ಅಭ್ಯಾಸವನ್ನು ಮಾತ್ರ ನಾನು ಕಂಡಲ್ಲಿ ತಡೆಯುತ್ತೇನೆ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ನುಂಗಿದವರಿಗೆ ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಡೀಸೆಲ್ ಇಡಬಾರದೆಂಬುದಕ್ಕೂ ಇದೇ ಕಾರಣ, ಮನೆಯಲ್ಲಿ ಮಕ್ಕಳಿರುತ್ತಾರೆ.

ಇನ್ನು ಬಾವಿಯ ಮಾತು. ನಮ್ಮ ಮನೆಗಳು ನಿಂತಿರುವುದು ಮುರಕಲ್ಲಿನ ಮೇಲೆ. ಅದರ ತೂತುಗಳಲ್ಲಿ ಮಳೆನೀರು ಎಷ್ಟು ಬೇಗ ಇಳಿಯುತ್ತದೆ ಎಂದರೆ ಜೂನಿನ ಎರಡು ಮಳೆಗೆ ಬಾವಿಯ ನೀರು ಏರುವುದನ್ನು ಎಲ್ಲರೂ ಕಾಣುತ್ತೇವೆ. ಚೆಲ್ಲಿದ ಡೀಸೆಲೂ ಅದೇ ದಾರಿ ಹಿಡಿಯುತ್ತದೆ. ಅತಿ ಕಡಿಮೆ ಪ್ರಮಾಣ ಸೇರಿದರೂ ನೀರಿನ ವಾಸನೆ ಮತ್ತು ರುಚಿ ಕೆಡುತ್ತದೆ, ಬಾವಿಯನ್ನು ಬರಿದು ಮಾಡಿದರೂ ಕಲ್ಲಿನ ಸಂದಿಯಲ್ಲಿ ಉಳಿದದ್ದು ಮುಂದಿನ ಮಳೆಗೆ ಮತ್ತೆ ಬರುತ್ತದೆ. ಆದ್ದರಿಂದ ಡೀಸೆಲ್ ಇಡುವ ಜಾಗ ಬಾವಿಗಿಂತ ಇಳಿಜಾರಿನ ಕೆಳಬದಿಗೆ, ಸಾಧ್ಯವಾದಷ್ಟು ದೂರ ಇರಬೇಕು, ನೆಲ ಕಾಂಕ್ರೀಟಿನದ್ದಾಗಿರಬೇಕು, ಸುತ್ತ ಕಟ್ಟೆ ಇರಬೇಕು. ಒಳಗಿನ ಅಳತೆ 4 ಅಡಿ ಉದ್ದ, 3 ಅಡಿ ಅಗಲ, 8 ಅಂಗುಲ ಎತ್ತರವಿದ್ದರೆ ಅದರಲ್ಲಿ ಸುಮಾರು 226 ಲೀಟರ್ ಹಿಡಿಯುತ್ತದೆ. ಸ್ಟ್ಯಾಂಡಿನ ಮೇಲಿನ ಬ್ಯಾರೆಲ್ ಪೂರ್ತಿ ಸೋರಿದರೂ ಅಂಗಳಕ್ಕೆ ಇಳಿಯುವುದಿಲ್ಲ. ಚೆಲ್ಲಿದಾಗ ನೀರು ಹಾಕಿ ತೊಳೆಯುವುದು ಅದನ್ನು ಬಾವಿಗೆ ಅಥವಾ ತೋಡಿಗೆ ಕಳುಹಿಸಿದಂತೆ. ಮರದ ಹೊಟ್ಟು ಅಥವಾ ಒಣ ಹೊಯ್ಗೆ (ಮರಳು) ಹಾಕಿ ಹೀರಿಸಿ, ಕೆರೆಸಿ ತೆಗೆಯಬೇಕು. ಮಣ್ಣಿಗೆ ಚೆಲ್ಲಿದ್ದರೆ ಮಳೆ ಬರುವ ಮೊದಲು ಆ ಮಣ್ಣನ್ನೇ ಅಗೆದು ತೆಗೆಯಬೇಕು.

ಒಂದೆರಡು ಬುಟ್ಟಿ ಹೊಯ್ಗೆ ಅಲ್ಲಿಯೇ ಇದ್ದರೆ ಬೆಂಕಿಗೂ ಆಗುತ್ತದೆ. ಉರಿಯುವ ಡೀಸೆಲಿಗೆ ನೀರೆರಚಿದರೆ ಡೀಸೆಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಹೊಯ್ಗೆ ಅಥವಾ ಒಣಪುಡಿಯ ಅಗ್ನಿಶಾಮಕ ಬೇಕು. ಡೀಸೆಲ್ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ ಎಂಬ ನಂಬಿಕೆಯಿಂದ ಬಚ್ಚಲ ಒಲೆಯ ಹತ್ತಿರ, ಬೈಹುಲ್ಲಿನ ಕುತ್ರಿಯ ಬುಡದಲ್ಲಿ, ಒಣ ಮಡಲಿನ ರಾಶಿಯ ಪಕ್ಕದಲ್ಲಿ ಕ್ಯಾನ್ ಇಡುವವರಿದ್ದಾರೆ. ನಮ್ಮ ಮಾನಕದಲ್ಲಿ ಡೀಸೆಲಿನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆಯ ಕನಿಷ್ಠ ಮಿತಿ 35 ಡಿಗ್ರಿ. ಏಪ್ರಿಲಿನ ಬಿಸಿಲಿಗೆ ಒಡ್ಡಿದ ಕಬ್ಬಿಣದ ಬ್ಯಾರೆಲ್ ಅದಕ್ಕಿಂತ ಹೆಚ್ಚೇ ಕಾಯುತ್ತದೆ.

ಖಾಲಿ ಬ್ಯಾರೆಲ್ಲಿನ ಬಗ್ಗೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. ತುಂಬಿದ ಬ್ಯಾರೆಲ್ಲಿಗಿಂತ ಖಾಲಿಯಾದದ್ದು ಅಪಾಯಕಾರಿ, ಏಕೆಂದರೆ ಅಂಚಿನ ಸಂದಿಯಲ್ಲಿ ಉಳಿದ ಒಂದು ಲೋಟ ಡೀಸೆಲ್ ಗ್ಯಾಸ್ ಕಟ್ಟರಿನ ಬಿಸಿಗೆ ಆವಿಯಾಗಿ, ಒಳಗಿನ ಗಾಳಿಯೊಂದಿಗೆ ಬೆರೆತು ಸಿಡಿಯುತ್ತದೆ. ನೀರು ಕಾಯಿಸುವ ಹಂಡೆಗೆ, ಹುಲ್ಲು ನೆನೆಹಾಕುವ ತೊಟ್ಟಿಗೆ ಬ್ಯಾರೆಲ್ ಅರ್ಧ ಮಾಡಿಕೊಡಿ ಎಂದು ಪ್ರತಿವರ್ಷ ಯಾರಾದರೂ ಬರುತ್ತಾರೆ. ಡೀಸೆಲ್ ಇದ್ದ ಬ್ಯಾರೆಲನ್ನು ನನ್ನ ವರ್ಕ್‌ಶಾಪಿನಲ್ಲಿ ಕತ್ತರಿಸುವುದಿಲ್ಲ. ಅದನ್ನು ಗುಜರಿಗೆ ಹಾಕುವವರು ಬರೀ ಖಾಲಿ ಬ್ಯಾರೆಲ್ ಎನ್ನದೆ ಡೀಸೆಲಿನ ಬ್ಯಾರೆಲ್ ಎಂದೇ ಹೇಳಿ ಕೊಡಬೇಕು, ಏಕೆಂದರೆ ಅಲ್ಲಿ ಅದಕ್ಕೆ ಗ್ಯಾಸ್ ಹಿಡಿಯುವ ಹುಡುಗನಿಗೆ ಅದರ ಹಿಂದಿನ ಕತೆ ಗೊತ್ತಿರುವುದಿಲ್ಲ.