ಅನ್ನದ ಹಾಸ್ಟೆಲ್, ಓದಿನ ಹಾಸ್ಟೆಲ್

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಹಾಸ್ಟೆಲ್ ಎಂದರೆ ಮೊದಲು ಅನ್ನ, ಆಮೇಲೆ ಮಲಗಲು ಜಾಗ. ಪಾಠ ಕಾಲೇಜಿನ ಪಾಲು. ಬಿ.ಎ. ಮೊದಲ ವರ್ಷದವರಿಗೆ ಈ ವಿಂಗಡಣೆಯಿಂದಲೇ ಹೆಚ್ಚು ನಷ್ಟ, ಆದರೆ ಅದು ಯಾರದೋ ಅಲಕ್ಷ್ಯದಿಂದ ಹುಟ್ಟಿದ್ದಲ್ಲ.

ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದಾಗ ದತ್ತ ಮಂಡಲದ (ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ, ಬಳ್ಳಾರಿಯೂ ಸೇರಿದ್ದ ಜಿಲ್ಲೆಗಳ) ಕಾಲೇಜು 1916ರಲ್ಲಿ ಆರಂಭವಾದದ್ದು ಅನಂತಪುರದಲ್ಲಿ. ಬಳ್ಳಾರಿಯ ವೀರಶೈವ ಕಾಲೇಜು ಬಂದದ್ದು 1945ರಲ್ಲಿ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. 1918ರ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ. ಹಳ್ಳಿಯ ಹುಡುಗ ದೂರವನ್ನೂ ದಾಟಬೇಕು, ಭಾಷೆಯನ್ನೂ ದಾಟಬೇಕು. ಅಂಥವನಿಗೆ ಮಠಗಳು ಮೊದಲು ಕೊಟ್ಟದ್ದು ಪ್ರಸಾದ ಮತ್ತು ಆಸರೆ. ಅದು ಸರಿಯಾಗಿಯೇ ಇತ್ತು.

ದೇವರಾಜ ಅರಸು ಕಾಲದಲ್ಲಿ, ಹಿಂದುಳಿದ ವರ್ಗಗಳ ಆಯೋಗದ 1975ರ ಹಾವನೂರು ವರದಿಯ ನಂತರ, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ ಬಂತು. ಅದರ ಬಿಸಿಎಂ (ಹಿಂದುಳಿದ ವರ್ಗ, ಅಲ್ಪಸಂಖ್ಯಾತರ) ಹಾಸ್ಟೆಲ್‌ಗಳು ಬೆಳೆದವು. ಸೀಟು ಕೊಡುವಾಗ ಜಾತಿ, ಆದಾಯ, ಅಂಕ ನೋಡುತ್ತಾರೆ. ಯಾವ ವಿಷಯ ಓದುತ್ತಾನೆ ಎಂಬುದು ಕೋಣೆ ಹಂಚುವಾಗ ಲೆಕ್ಕಕ್ಕಿಲ್ಲ. ಹೀಗಾಗಿ ಇತಿಹಾಸ ಓದುವವನ ಪಕ್ಕದ ಮಂಚ ಐಟಿಐನವನದು. ಪಾಠದ ಬಗ್ಗೆ ರಾತ್ರಿ ಮಾತಾಡಲು ಜೊತೆಗಾರನಿಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಯೋಗ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1927ರಲ್ಲಿ ನಡೆಯಿತು. ಶಿಕ್ಷಣ ಚಿಂತಕ ಅಲೆಕ್ಸಾಂಡರ್ ಮೈಕಲ್‌ಜಾನ್ ವಿದ್ಯಾರ್ಥಿಗಳನ್ನು ಒಂದೇ ವಸತಿ ಕಟ್ಟಡದಲ್ಲಿ ಇರಿಸಿ, ಮೇಷ್ಟ್ರ ಕೋಣೆಗಳನ್ನೂ ಅಲ್ಲಿಗೇ ತಂದರು. ಮೊದಲ ವರ್ಷವಿಡೀ ಪ್ರಾಚೀನ ಅಥೆನ್ಸ್. ಆಮೇಲೆ ಪ್ರತಿಯೊಬ್ಬನೂ ತನಗೆ ಗೊತ್ತಿರುವ ಒಂದು ಪ್ರದೇಶದ ಅಧ್ಯಯನ ಮಾಡಬೇಕಿತ್ತು. 1932ರಲ್ಲಿ ಅದು ಮುಚ್ಚಿತು, ಒಟ್ಟಿಗೆ ಇದ್ದು ಒಟ್ಟಿಗೆ ಓದುವ ಕಲ್ಪನೆ ಉಳಿಯಿತು.

ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡ ಬೇಡ. ಇಪ್ಪತ್ತನಾಲ್ಕು ಮಂದಿ ಬಿ.ಎ.ಯವರಿಗೆ ಒಂದೇ ಸಾಲಿನಲ್ಲಿ ಆರು ಕೋಣೆ ಸಾಕು. ಮೊದಲ ತೊಡಕು ಸಮಯದ್ದು. ಹಾಸ್ಟೆಲಿನ ಆಯ್ಕೆಪಟ್ಟಿ ತರಗತಿ ಶುರುವಾದ ಐದಾರು ವಾರಕ್ಕೆ ಬಂದರೆ, ಹದಿನಾರು ವಾರದ ಸೆಮಿಸ್ಟರಿನ ಮೂರನೇ ಒಂದು ಪಾಲು ಬಸ್ಸಿನಲ್ಲೇ ಕಳೆದುಹೋಗುತ್ತದೆ. ಕಾಲೇಜಿನ ಪ್ರವೇಶ ಪಟ್ಟಿ ಸಿದ್ಧವಾದ ವಾರವೇ ವಾರ್ಡನ್ ಕೈಸೇರಬೇಕು.

ವಾರಕ್ಕೆ ಎರಡು ರಾತ್ರಿ, ಊಟವಾದ ಮೇಲೆ ಒಂದು ಗಂಟೆ ಓದು. ಆರು ಜನರ ಗುಂಪು, ಎಂಟು ಪುಟ, ಒಬ್ಬರು ಗಟ್ಟಿಯಾಗಿ ಓದಬೇಕು. ಪುಟ ಹೆಚ್ಚಾದರೆ ಪಿಯುಸಿಯಲ್ಲಿ ನೋಟ್ಸ್ ಬಾಯಿಪಾಠ ಮಾಡಿ ಬಂದವರು ಸುಮ್ಮನಾಗುತ್ತಾರೆ, ಇಬ್ಬರೇ ಮಾತಾಡುತ್ತಾರೆ. ಗುಂಪಿಗೊಬ್ಬ ಅಂತಿಮ ವರ್ಷದ ವಿದ್ಯಾರ್ಥಿ ಇರಲಿ, ಆದರೆ ಹಾಜರಿ ಪುಸ್ತಕ ಅವನ ಕೈಗೆ ಬೇಡ: ತಪ್ಪು ಬರೆದುಕೊಳ್ಳುವವನ ಮುಂದೆ ‘ನನಗೆ ತಿಳಿಯಲಿಲ್ಲ’ ಎಂದು ಯಾರೂ ಹೇಳುವುದಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಗೇಟು ಬೇಗ ಮುಚ್ಚುತ್ತದೆ. ಅಲ್ಲಿ ಅಧ್ಯಾಪಕಿಯೇ ಹಾಸ್ಟೆಲಿಗೆ ಬರಬೇಕು. ಕಾಲೇಜಿಗೆ ಕರೆದರೆ ಮೂರನೇ ವಾರಕ್ಕೆ ಗುಂಪು ಚದುರುತ್ತದೆ.

ಊರಿನ ಅಧ್ಯಯನಕ್ಕೆ ಅಥೆನ್ಸ್‌ವರೆಗೆ ಹೋಗಬೇಕಿಲ್ಲ. ಕೊಪ್ಪಳದಲ್ಲಿ ಗವಿಮಠದ ಬೆಟ್ಟ, ಪಾಲ್ಕಿಗುಂಡು ಎರಡರಲ್ಲೂ ಅಶೋಕನ ಶಾಸನಗಳಿವೆ. ರಾಯಚೂರಿನವರಿಗೆ 1915ರಲ್ಲಿ ಸಿಕ್ಕ ಮಸ್ಕಿ ಶಾಸನವಿದೆ, ಅಶೋಕನ ಹೆಸರನ್ನೇ ಹೇಳುವ ಶಾಸನ. ಮೊದಲು ಶಾಸನದ ಕನ್ನಡ ಅನುವಾದ ಓದಿ, ಆಮೇಲೆ ಬಂಡೆ ನೋಡಿ. ಬೆಳಿಗ್ಗೆ ಬೇಗ ಹೊರಡಿ: ಓರೆ ಬೆಳಕಿನಲ್ಲಿ ಕೊರೆದ ಅಕ್ಷರಕ್ಕೆ ನೆರಳು ಬೀಳುತ್ತದೆ, ನೆತ್ತಿಯ ಬಿಸಿಲಿನಲ್ಲಿ ಅದು ಕಲ್ಲಿನ ಬಣ್ಣದೊಳಗೆ ಕರಗಿಹೋಗುತ್ತದೆ.