ಕದ್ದ ಲಿಂಕಿನಲ್ಲಿ ಚೆಂಡು ಎಲ್ಲಿ ಹೋಯಿತು?

ರಾತ್ರಿ ಎರಡು ಗಂಟೆ ದಾಟಿತ್ತು. 2024ರ ಮೇ 8ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಮ್ಯಾಡ್ರಿಡ್‌ನ ಬೆರ್ನಬಾವು ಮೈದಾನ, ರಿಯಲ್ ಮ್ಯಾಡ್ರಿಡ್ ಮತ್ತು ಬೇಯರ್ನ್ ಮ್ಯೂನಿಕ್. ನಮ್ಮಲ್ಲಿ ಆಗಲೇ ತಾರೀಖು ಬದಲಾಗಿತ್ತು. ನಾನು ಹಾಲ್‌ನಲ್ಲಿ ಕೂತು, ಚಂದಾ ಕಟ್ಟಿದ ಆ್ಯಪ್‌ನಲ್ಲಿ ನೋಡುತ್ತಿದ್ದೆ. ರಜೆಗೆ ಬಂದಿದ್ದ ಅಕ್ಕನ ಮಗ ಒಳಗಿನ ಕೋಣೆಯಲ್ಲಿ ಮಲಗಿಕೊಂಡು, ಯಾರೋ ಟೆಲಿಗ್ರಾಂನಲ್ಲಿ ಕಳಿಸಿದ ಉಚಿತ ಕಳ್ಳ ಪ್ರಸಾರದ ಲಿಂಕನ್ನು ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡಿದ್ದ. ಬೇಯರ್ನ್ ಒಂದು ಗೋಲು ಮುಂದಿತ್ತು. 88ನೇ ನಿಮಿಷದಲ್ಲಿ ರಿಯಲ್ ತಂಡದ ವಿನಿಸಿಯಸ್ ಹೊಡೆದ ಚೆಂಡು ಬೇಯರ್ನ್ ಗೋಲ್‌ಕೀಪರ್ ನೋಯರ್ ಕೈಯಿಂದ ಜಾರಿತು, ರಿಯಲ್‌ನ ಹೊಸೆಲು ಒಳಕ್ಕೆ ತಳ್ಳಿದ. ನಾನು ಕೂಗಿಕೊಂಡೆ. ಒಳಗಿನಿಂದ "ಏನಾಯ್ತು ಮಾಮ?" ಎಂಬ ಪ್ರಶ್ನೆ ಬಂತು. ಅವನ ಪರದೆಯಲ್ಲಿ ಬೇಯರ್ನ್ ಇನ್ನೂ ಗೆಲ್ಲುತ್ತಿತ್ತು.

ಹೋಗಿ ನೋಡಿದೆ. ಮೈದಾನದ ಹುಲ್ಲು ಹಸಿರು ಬಣ್ಣ ಬಳಿದ ಗೋಡೆಯಂತಿತ್ತು. ಚೆಂಡು ಉದ್ದಕ್ಕೆ ಹಾರಿದಾಗಲೆಲ್ಲ ಮಾಯವಾಗಿ, ಯಾರದೋ ಕಾಲ ಬಳಿ ಮತ್ತೆ ಹುಟ್ಟುತ್ತಿತ್ತು. "ನಿಮ್ಮ ನೆಟ್ ಸ್ಲೋ" ಎಂದ. ಒಂದೇ ವೈಫೈ, ಒಂದೇ ರೂಟರ್, ನನ್ನ ಪರದೆಯಲ್ಲಿ ಹುಲ್ಲು ಕತ್ತರಿಸಿದ ಪಟ್ಟಿಗಳೂ ಕಾಣುತ್ತಿದ್ದವು. "ಹೇಗೂ ಅದೇ ಮ್ಯಾಚ್ ತಾನೇ?" ಎಂದು ಸೇರಿಸಿದ.

ಈ ಎರಡು ಮಾತನ್ನು ನಾನು ನೂರಾರು ಜನರ ಬಾಯಲ್ಲಿ ಕೇಳಿದ್ದೇನೆ. ಎರಡೂ ತಪ್ಪು. ಯಾಕೆ ತಪ್ಪು ಎಂದು ತಿಳಿಯಲು ಬೆಂಗಳೂರಿನ ಒಬ್ಬ ಹುಡುಗನ ಕಥೆಯಿಂದ ಶುರು ಮಾಡಬೇಕು.

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಕೆ.ಆರ್. ಸರ್ಕಲ್‌ನಲ್ಲಿ ಇವತ್ತು ಯುವಿಸಿಇ ಎಂದು ಕರೆಸಿಕೊಳ್ಳುವ ಕಾಲೇಜಿನಿಂದ 1961ರಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಅವರಿಗೊಂದು ಆಲೋಚನೆ ಹೊಳೆಯಿತು: ಚಿತ್ರವನ್ನು ಚುಕ್ಕಿಗಳ ಪಟ್ಟಿಯಾಗಿ ಇಡುವ ಬದಲು ಕೊಸೈನ್ ಅಲೆಗಳ ಮಿಶ್ರಣವಾಗಿ ಬರೆದರೆ ಹೇಗೆ? ಸಂಶೋಧನೆಗೆ ಹಣ ಬೇಕೆಂದು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಬರೆದರು. ತೀರಾ ಸರಳವಾಯಿತು ಎಂದು ಅರ್ಜಿ ತಿರಸ್ಕಾರವಾಯಿತು. ಅಹ್ಮದ್ ಬಿಡಲಿಲ್ಲ, 1973ರ ಬೇಸಿಗೆಯಿಡೀ ಅದರ ಹಿಂದೆಯೇ ಬಿದ್ದರು. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜೊತೆ ಬರೆದ ಕೆಲವೇ ಪುಟಗಳ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ನಿಮ್ಮ ಫೋನಿನ ಜೆಪೆಗ್ ಫೋಟೋ, ಯೂಟ್ಯೂಬ್ ವಿಡಿಯೋ, ಯುರೋಪಿನ ಪ್ರತಿಯೊಂದು ಪಂದ್ಯದ ನೇರ ಪ್ರಸಾರ, ಎಲ್ಲವೂ ಇದರ ಮೇಲೆ ಅಥವಾ ಇದರ ತಮ್ಮತಂಗಿಯರ ಮೇಲೆ ನಿಂತಿವೆ. ಕೆ.ಆರ್. ಸರ್ಕಲ್ ದಾಟುವಾಗಲೆಲ್ಲ ನನಗೆ ಈ ಮನುಷ್ಯ ನೆನಪಾಗುತ್ತಾರೆ.

ಇದು ಯಾಕೆ ಬೇಕಾಯಿತೆಂದರೆ, ಪೂರ್ತಿ ಎಚ್‌ಡಿ ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿರುತ್ತವೆ. ಒಂದೊಂದಕ್ಕೆ 3 ಬೈಟ್, ಸೆಕೆಂಡಿಗೆ 50 ಚಿತ್ರ. ಹಾಗೇ ಕಳಿಸಿದರೆ 90 ನಿಮಿಷದ ಪಂದ್ಯಕ್ಕೆ ಸುಮಾರು 1,680 ಜಿಬಿ. ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಬರುವ ಸ್ಟ್ರೀಮ್‌ನಲ್ಲಿ ಅದೇ ಪಂದ್ಯ 4 ಜಿಬಿಯಲ್ಲಿ ಮುಗಿಯುತ್ತದೆ. ನಾನೂರರಲ್ಲಿ ಒಂದು ಪಾಲು! ಉಳಿದದ್ದೆಲ್ಲ ಎಲ್ಲಿ ಹೋಯಿತು?

ಚಿತ್ರವನ್ನು ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. 8ಕ್ಕೆ 8ರ ಚೌಕವೆಂದರೆ 64 ಚುಕ್ಕಿ. ಎಂಥ ಚೌಕವನ್ನಾದರೂ 64 ಸಿದ್ಧ ವಿನ್ಯಾಸಗಳ ಬೆರಕೆಯಾಗಿ ಹೇಳಬಹುದು ಎನ್ನುತ್ತದೆ ಡಿಸಿಟಿ. ಸಾರಿನ ಪುಡಿಯ ಹಾಗೆ: ಧನಿಯಾ ಇಷ್ಟು, ಮೆಣಸಿನಕಾಯಿ ಇಷ್ಟು, ಜೀರಿಗೆ, ಮೆಂತ್ಯ ಇಷ್ಟಿಷ್ಟು. ಪುಡಿಯನ್ನೇ ಕಳಿಸಬೇಕಿಲ್ಲ, ಅಳತೆಯ ಚೀಟಿ ಕಳಿಸಿದರೆ ಆ ಕಡೆಯವರು ಕುಟ್ಟಿಕೊಳ್ಳುತ್ತಾರೆ. ಇನ್ನೊಂದು ರೀತಿ ಹೇಳುತ್ತೇನೆ. ಕಛೇರಿಯಲ್ಲಿ ತಂಬೂರಿಯ ಶ್ರುತಿ ಒಂದೇ ಸಮ ನಿಂತಿರುತ್ತದೆ, ಅದರ ಮೇಲೆ ಗಾಯಕರ ಗಮಕಗಳು ಓಡಾಡುತ್ತವೆ. ಚೌಕದ ಸರಾಸರಿ ಬಣ್ಣ ಶ್ರುತಿಯಂತೆ. ಹುಲ್ಲಿನ ಗರಿ, ಗೋಲಿನ ಬಲೆಯ ಎಳೆ, ಜರ್ಸಿಯ ಮೇಲಿನ ಅಂಕಿ ಗಮಕಗಳಂತೆ. ನಮ್ಮ ಕಣ್ಣಿಗೆ ಶ್ರುತಿ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ, ಅತಿ ಸಣ್ಣ ಗಮಕವೊಂದು ಬಿಟ್ಟುಹೋದರೆ ಗೊತ್ತಾಗುವುದಿಲ್ಲ. ಹಾಗಾಗಿ ಸಣ್ಣವನ್ನು ಒರಟಾಗಿ ದುಂಡು ಮಾಡುತ್ತಾರೆ, ಎಷ್ಟೋ ಸಂಖ್ಯೆಗಳು ಸೊನ್ನೆಯಾಗುತ್ತವೆ. ಒಂದು ಚಿತ್ರದೊಳಗಿನ ಉಳಿತಾಯದ ಬಹುಪಾಲು ಇರುವುದು ಈ ದುಂಡು ಮಾಡುವುದರಲ್ಲಿ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಬದಲಾದದ್ದನ್ನು ಮಾತ್ರ ಕಳಿಸುವ ಉಪಾಯ ಇನ್ನೊಂದಿದೆ, ಅದನ್ನು ಇಲ್ಲಿ ಬಿಡುತ್ತೇನೆ.

ಈಗ ಕದ್ದ ಲಿಂಕಿಗೆ ಬನ್ನಿ. ಅವರ ಬಳಿ ಕ್ಯಾಮೆರಾ ಇಲ್ಲ, ಮೈದಾನದಿಂದ ಬರುವ ಮೂಲ ಫೀಡೂ ಇಲ್ಲ. ಯಾವುದೋ ದೇಶದಲ್ಲಿ ಚಂದಾದಾರನೊಬ್ಬನ ಪರದೆಗೆ ಬಂದದ್ದನ್ನು ಸೆರೆಹಿಡಿದು, ಮತ್ತೆ ಕುಗ್ಗಿಸಿ, ತಮ್ಮ ಸರ್ವರ್‌ಗೆ ಕಳಿಸುತ್ತಾರೆ. ಅಲ್ಲಿಂದ ಇನ್ನೊಬ್ಬ ಕದ್ದು ಮತ್ತೊಮ್ಮೆ ಕುಗ್ಗಿಸುವುದೂ ಉಂಟು. ಅಂದರೆ ಒಮ್ಮೆ ದುಂಡು ಮಾಡಿದ ಸಂಖ್ಯೆಯನ್ನು ಮತ್ತೆ ದುಂಡು ಮಾಡುತ್ತಾರೆ. ಸಂತೆಯ ಲೆಕ್ಕದಲ್ಲಿ ನೋಡಿ. 47 ರೂಪಾಯಿಯನ್ನು ಹತ್ತರ ಲೆಕ್ಕಕ್ಕೆ ದುಂಡು ಮಾಡಿದರೆ 50. ಆ 50ನ್ನು ಇಪ್ಪತ್ತರ ಲೆಕ್ಕಕ್ಕೆ ದುಂಡು ಮಾಡಿದರೆ 60 (ಸರಿಯಾಗಿ ನಡುವೆ ಬಂದರೆ ಮೇಲಕ್ಕೆ). ನೇರವಾಗಿ 47ನ್ನೇ ಇಪ್ಪತ್ತರ ಲೆಕ್ಕಕ್ಕೆ ತಂದಿದ್ದರೆ 40 ಸಿಗುತ್ತಿತ್ತು. ತಪ್ಪು 7ರಿಂದ 13ಕ್ಕೆ ಏರಿತು, ಹಿಂದಕ್ಕೆ ಬರಲು ದಾರಿಯಿಲ್ಲ. ಇಂಥ ತಪ್ಪುಗಳು ಸೆಕೆಂಡಿಗೆ ಕೋಟಿಗಟ್ಟಲೆ ಆಗುತ್ತವೆ.

ಸಾಲದ್ದಕ್ಕೆ ಚಿತ್ರದ ಅಳತೆಯನ್ನೂ ಇಳಿಸುತ್ತಾರೆ. ಆಗ ಹೊಸ ಚೌಕಗಳು ಹಳೆಯ ಚೌಕಗಳ ಮೇಲೆ ಸರಿಯಾಗಿ ಕೂರುವುದಿಲ್ಲ, ಚೌಕಳಿ ಸೀರೆಯ ಮೇಲೆ ಬೇರೆ ಅಳತೆಯ ಚೌಕಳಿ ಅಚ್ಚು ಒತ್ತಿದ ಹಾಗೆ. ಮೊದಲ ಸಲ ಕುಗ್ಗಿಸಿದಾಗ ಉಳಿದ ಕಲೆಗಳನ್ನು ಎರಡನೆಯ ಎನ್‌ಕೋಡರ್ (ಕುಗ್ಗಿಸುವ ಯಂತ್ರ) ನಿಜವಾದ ವಿವರವೆಂದೇ ನಂಬುತ್ತದೆ. ಇರುವ ಅಲ್ಪ ಬಿಟ್‌ಗಳನ್ನು ಆ ಕಲೆಗಳನ್ನು ಕಾಪಾಡಲು ಸುರಿದು, ಚೆಂಡನ್ನು ಕೈಬಿಡುತ್ತದೆ. ದೂರದ ಕ್ಯಾಮೆರಾದಲ್ಲಿ ಚೆಂಡೆಂದರೆ ಕೆಲವೇ ಚುಕ್ಕಿಗಳ ಅಗಲ. ದುಂಡು ಮಾಡುವವನ ಕತ್ತರಿಗೆ ಮೊದಲು ಸಿಗುವುದೇ ಅದು. ನೆಟ್ ಎಷ್ಟೇ ವೇಗವಾಗಿರಲಿ, ಕಳೆದುಹೋದ ಚೆಂಡನ್ನು ವೈಫೈ ತಂದುಕೊಡಲಾರದು.

ತಡವಾಗುವುದಕ್ಕೂ ಇದೇ ಕಾರಣ. ಕಾನೂನುಬದ್ಧ ಆ್ಯಪ್‌ನಲ್ಲೂ ವಿಡಿಯೋ ಕೆಲವು ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಒಂದೆರಡು ತುಂಡು ಕೂಡಿಟ್ಟುಕೊಂಡೇ ಪ್ಲೇಯರ್ ಓಡುವುದರಿಂದ ನಾನೂ ಮೈದಾನಕ್ಕಿಂತ ಅರ್ಧ ನಿಮಿಷದಷ್ಟು ಹಿಂದಿರಬಹುದು. ಆದರೆ ತುಂಡುಗಳು ನಿಮ್ಮ ಹತ್ತಿರದ ಊರಿನ ಸರ್ವರ್‌ನಲ್ಲೇ ಸಿದ್ಧವಿರುತ್ತವೆ. 2023ರ ಕ್ರಿಕೆಟ್ ವಿಶ್ವಕಪ್ ಫೈನಲ್‌ಗೆ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ವೀಕ್ಷಣೆ ದಾಖಲಾದದ್ದು ಈ ವ್ಯವಸ್ಥೆಯ ಬಲದಿಂದ. ಕಳ್ಳ ಸ್ಟ್ರೀಮ್ ಆ ಅರ್ಧ ನಿಮಿಷ ಕಳೆದ ಮೇಲೆ ತನ್ನ ಕೆಲಸ ಶುರು ಮಾಡುತ್ತದೆ. ಸೆರೆ, ಕುಗ್ಗಿಸು, ತುಂಡು ಮಾಡು, ಕೂಡಿಡು, ಎಲ್ಲ ಮೊದಲಿಂದ.

ಇಷ್ಟಾಗಿಯೂ ಜನ ಯಾಕೆ ಅಲ್ಲಿಗೆ ಹೋಗುತ್ತಾರೆ? ಹಣವೊಂದೇ ಕಾರಣವಲ್ಲ, ಪ್ರಸಾರದ ಹಕ್ಕುಗಳು ಚದುರಿಹೋಗಿವೆ. ನಮ್ಮಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಜಿಯೋಹಾಟ್‌ಸ್ಟಾರ್‌ನಲ್ಲಿ, ಚಾಂಪಿಯನ್ಸ್ ಲೀಗ್ ಸೋನಿಲಿವ್‌ನಲ್ಲಿ. ಸ್ಪೇನಿನ ಲಾ ಲೀಗಾ 2018ರಿಂದ ಮೂರು ಸೀಸನ್ ಫೇಸ್‌ಬುಕ್‌ನಲ್ಲಿ ಉಚಿತವಾಗಿ ಸಿಗುತ್ತಿತ್ತು, ಆಮೇಲೆ ಮನೆ ಬದಲಿಸುತ್ತ ಬಂತು. ಒಂದೇ ತಂಡದ ಎಲ್ಲ ಪಂದ್ಯ ನೋಡಲು ಎರಡು ಚಂದಾ ಬೇಕೆನ್ನುವುದು ನನಗೂ ಅನ್ಯಾಯವೆನಿಸುತ್ತದೆ.

ಆದರೆ ಇಂಗ್ಲೆಂಡಿನವರ ಪಾಡು ಕೇಳಿ. 1960ರ ದಶಕದಲ್ಲಿ ಬರ್ನ್‌ಲಿ ಕ್ಲಬ್‌ನ ಅಧ್ಯಕ್ಷ ಬಾಬ್ ಲಾರ್ಡ್, ಟಿವಿಯಲ್ಲಿ ಪಂದ್ಯ ತೋರಿಸಿದರೆ ಸಣ್ಣ ಕ್ಲಬ್‌ಗಳ ಮೈದಾನಕ್ಕೆ ಯಾರೂ ಬರುವುದಿಲ್ಲ ಎಂದು ಉಳಿದವರನ್ನು ಒಪ್ಪಿಸಿದ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಅಲ್ಲಿ ಫುಟ್‌ಬಾಲ್ ನೇರ ಪ್ರಸಾರವಿಲ್ಲ, ಇವತ್ತಿಗೂ. ಹಾಗಾಗಿ ಶನಿವಾರ ಅಲ್ಲಿ 3 ಗಂಟೆಗೆ ಶುರುವಾಗುವ ಪಂದ್ಯವನ್ನು ಹುಬ್ಬಳ್ಳಿಯವರು ಚಂದಾ ಕಟ್ಟಿ ರಾತ್ರಿ ಊಟದ ಹೊತ್ತಿಗೆ ನೋಡಬಹುದು, ಲಂಡನ್ನಿನಲ್ಲಿ ಕೆಲಸಕ್ಕಿರುವ ಅವರ ತಮ್ಮ ಎಷ್ಟು ದುಡ್ಡು ಕೊಟ್ಟರೂ ನೋಡಲಾರ. ಈ ತಡೆಯ ಸುತ್ತಲೇ ಒಂದು ದೊಡ್ಡ ಮೊಕದ್ದಮೆ ಹುಟ್ಟಿತು. ಪೋರ್ಟ್ಸ್‌ಮತ್‌ನ ಪಬ್ ಒಡತಿಯೊಬ್ಬರು ಟಿವಿ ಡಿಕೋಡರ್‌ಗೆ ಗ್ರೀಸ್ ದೇಶದ ಚಂದಾ ಕಾರ್ಡ್ ಹಾಕಿ ಗಿರಾಕಿಗಳಿಗೆ ಪಂದ್ಯ ತೋರಿಸಿದ್ದರು. 2011ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ ಮಾತು ನನಗೆ ಬಹಳ ಇಷ್ಟ: ಫುಟ್‌ಬಾಲ್ ಪಂದ್ಯಕ್ಕೆ ಕಾಪಿರೈಟ್ ಇಲ್ಲ, ಅದು ಯಾರ ಕೃತಿಯೂ ಅಲ್ಲ, ಪರದೆಯ ಮೇಲಿನ ಲೋಗೊ, ಗ್ರಾಫಿಕ್ಸ್, ಲೀಗ್‌ನ ಗೀತೆಗೆ ಕಾಪಿರೈಟ್ ಇದೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಇನ್ನೂ ನೇರ: ಅದರ 37ನೇ ಸೆಕ್ಷನ್ ಪ್ರಸಾರಕ್ಕೇ 25 ವರ್ಷಗಳ ಹಕ್ಕು ಕೊಡುತ್ತದೆ.

ಉಚಿತ ಎನ್ನುವ ಮಾತಿನ ಬಗ್ಗೆ ನನಗೆ ನಿಜಕ್ಕೂ ಚಿಂತೆಯಿದೆ. ಆ ರಾತ್ರಿ ಅಳಿಯನ ಪರದೆಯ ಮಧ್ಯದಲ್ಲಿ ಒಂದು ಜಾಹೀರಾತು, ಅದರ ಮೂಲೆಯಲ್ಲಿ ಮುಚ್ಚುವ ಗುರುತು. ಒತ್ತಿದರೆ ಬೇರೆ ಟ್ಯಾಬ್ ತೆರೆಯಿತು. ಗುರುತು ಬರೀ ಚಿತ್ರ, ಅದರ ಮೇಲೆ ಕಣ್ಣಿಗೆ ಕಾಣದ ಪದರವೊಂದು ಇಡೀ ಪರದೆಯನ್ನು ಲಿಂಕಾಗಿ ಮಾಡಿತ್ತು. ಮೂರನೆಯ ಸಲಕ್ಕೆ ಪ್ಲೇಯರ್ ಅಪ್‌ಡೇಟ್ ಮಾಡಿ ಎಂದಿತು. ಫೋನಿನಲ್ಲಾದರೆ ಇದೇ ಜಾಗದಲ್ಲಿ ಎಪಿಕೆ ಫೈಲ್ (ಆ್ಯಪ್ ಅಳವಡಿಸುವ ಫೈಲ್) ಬರುತ್ತದೆ, ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಬ್ಯಾಂಕಿನ ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲೇ. ವಿಪಿಎನ್ ಹಾಕಿದ್ದೇನೆ, ಏನೂ ಆಗುವುದಿಲ್ಲ ಎನ್ನುವುದು ತಾಯತ ಕಟ್ಟಿಕೊಂಡು ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ವಿಪಿಎನ್ ದಾರಿಯನ್ನು ಮರೆಮಾಡುತ್ತದೆ, ನೀವೇ ಒಳಗೆ ಕರೆದುಕೊಂಡವನನ್ನು ತಡೆಯುವುದಿಲ್ಲ.

ತಡೆಯುವವರ ಕೆಲಸವೂ ಕುರುಡಾಗಬಹುದು. ವರದಿಯಾದ 30 ನಿಮಿಷದೊಳಗೆ ಕಳ್ಳ ತಾಣ ಮುಚ್ಚಬೇಕೆಂಬ ಇಟಲಿಯ ವ್ಯವಸ್ಥೆ 2024ರ ಅಕ್ಟೋಬರ್‌ನಲ್ಲಿ ಗೂಗಲ್ ಡ್ರೈವ್‌ಗೇ ಅಡ್ಡಿ ಮಾಡಿತು. ಅದಕ್ಕಿಂತ ಬಹಳ ಚೆಂದದ ಉಪಾಯವೊಂದಿದೆ. ಪ್ರತಿ ತುಂಡನ್ನೂ ಎರಡು ಬಗೆಯಲ್ಲಿ ತಯಾರಿಸುತ್ತಾರೆ, ಅ ಮತ್ತು ಆ ಎನ್ನೋಣ. ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು. ಒಬ್ಬ ಚಂದಾದಾರನಿಗೆ ಅ-ಆ-ಆ-ಅ, ಇನ್ನೊಬ್ಬನಿಗೆ ಆ-ಅ-ಆ-ಆ. ಬಿಳಿ ಹೂವು, ಕನಕಾಂಬರ ಎರಡನ್ನೇ ಇಟ್ಟುಕೊಂಡು ಪ್ರತಿಯೊಬ್ಬರಿಗೂ ಬೇರೆ ಮಾಲೆ ಕಟ್ಟಿದಂತೆ. 20 ತುಂಡಿಗೆ 10 ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ಮಾಲೆಗಳಾಗುತ್ತವೆ, 30 ತುಂಡಿಗೆ 107 ಕೋಟಿ. ಒಂದು ತುಂಡು 6 ಸೆಕೆಂಡಿನದಾದರೆ 30 ತುಂಡೆಂದರೆ ಮೂರೇ ನಿಮಿಷ. ಕಳ್ಳ ಸ್ಟ್ರೀಮ್ ಅನ್ನು ಅಷ್ಟು ಹೊತ್ತು ನೋಡಿದರೆ, ಮಾಲೆ ಯಾರ ಕೊರಳಿನದು ಎಂದು ಲೆಕ್ಕವೇ ಹೇಳುತ್ತದೆ. ಕುಗ್ಗಿಸಿದರೂ ಅಳಿಯದಂತೆ ಆ ಗುರುತನ್ನು ಅಡಗಿಸಲು ಒಳ್ಳೆಯ ಜಾಗಗಳಲ್ಲಿ ಒಂದು ಯಾವುದು ಗೊತ್ತೇ? ಡಿಸಿಟಿಯ ಅದೇ ಸಂಖ್ಯೆಗಳು, ತೀರಾ ಶ್ರುತಿಯೂ ಅಲ್ಲದ, ತೀರಾ ಸಣ್ಣ ಗಮಕವೂ ಅಲ್ಲದ ನಡುವಿನವು. ತೀರಾ ಸರಳವೆಂದು ತಳ್ಳಿದ ಆಲೋಚನೆ!

ಆ ರಾತ್ರಿ ಇದನ್ನೆಲ್ಲ ಹೇಳಲು ಪುರುಸೊತ್ತಿರಲಿಲ್ಲ. 90 ನಿಮಿಷ ಮುಗಿದ ಮೇಲೆ ಸೇರಿಸಿದ ನಿಮಿಷಗಳಲ್ಲಿ ಹೊಸೆಲು ಮತ್ತೆ ಚೆಂಡನ್ನು ಬಲೆಗೆ ಕಳಿಸಿದ, ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದ, ವಿಎಆರ್ (ವಿಡಿಯೋ ರೆಫರಿ) ಪರಿಶೀಲನೆ ಶುರುವಾಯಿತು. ಅಳಿಯ ಲ್ಯಾಪ್‌ಟಾಪ್ ಎತ್ತಿಕೊಂಡೇ ಹಾಲ್‌ಗೆ ಓಡಿಬಂದ. ಟಿವಿಯಲ್ಲಿ ರೆಫರಿ ಗೋಲು ಎಂದು ಕೈ ತೋರಿಸಿದಾಗ ಅವನು ಲ್ಯಾಪ್‌ಟಾಪನ್ನು ಸೋಫಾದ ಮೇಲೆ ಎಸೆದು ಕುಣಿದ. ಅದರ ಪರದೆಯಲ್ಲಿ ಆ ಚೆಂಡು ಇನ್ನೂ ಪೆನಾಲ್ಟಿ ಪೆಟ್ಟಿಗೆಯ ಹತ್ತಿರಕ್ಕೂ ಬಂದಿರಲಿಲ್ಲ.